ಟೇಸರ್ ಬರುವ ಮುನ್ನ ನೆಲ ನೋಡಿ

"ಮಹಜರಿಗೆ ಕರೆದೊಯ್ದಾಗ ಪೊಲೀಸರ ಮೇಲೆ ಹಲ್ಲೆಗೆ ಯತ್ನ, ಆರೋಪಿಯ ಕಾಲಿಗೆ ಗುಂಡು." ಕನ್ನಡ ಪತ್ರಿಕೆ ಓದುವ ಯಾರಿಗೂ ಈ ಸುದ್ದಿ ಹೊಸದಲ್ಲ. ಊರು ಬದಲಾಗುತ್ತದೆ, ಠಾಣೆ ಬದಲಾಗುತ್ತದೆ, ಇನ್‌ಸ್ಪೆಕ್ಟರ್ ಹೆಸರು ಬದಲಾಗುತ್ತದೆ. ಕಾಲು ಮಾತ್ರ ಕಾಲೇ. ನಾಗಪುರದ ಬಜಾಜ್ ನಗರದಲ್ಲಿ ಕೂತು ಫೋನಿನಲ್ಲಿ ಊರಿನ ಪತ್ರಿಕೆ ಓದುವ ನನ್ನಂಥವನು ಇದನ್ನು ಸಂಜೆಯ ವಾಕಿಂಗ್ ಗೆಳೆಯರಿಗೆ ಹೇಳಿದರೆ ಒಬ್ಬರ ಉತ್ತರ ಯಾವಾಗಲೂ ಸಿದ್ಧ: "ಇಷ್ಟೆಲ್ಲ ಯಾಕೆ? ಪೊಲೀಸರಿಗೆ ಟೇಸರ್ ಕೊಡಿ. ಐದು ಸೆಕೆಂಡು ಕರೆಂಟು, ಮನುಷ್ಯ ನೆಲಕ್ಕೆ, ಕೈಗೆ ಕೋಳ. ಯಾರೂ ಸಾಯಲ್ಲ."

ಈ ಮಾತನ್ನು ತಳ್ಳಿಹಾಕುವಂತಿಲ್ಲ. ಗುಂಡಿಗಿಂತ ಕರೆಂಟು ವಾಸಿ ಎನ್ನುವುದರಲ್ಲಿ ತಪ್ಪೇನಿದೆ? ಗುಜರಾತಿನ ಪೊಲೀಸರ ಕೈಗೆ ಟೇಸರ್ ಬಂದ ಸುದ್ದಿಯನ್ನು ಕೆಲವು ವರ್ಷಗಳ ಹಿಂದೆಯೇ ಓದಿದ್ದೇವೆ. ಉಳಿದ ರಾಜ್ಯಗಳಿಗೂ ಇವತ್ತಲ್ಲ ನಾಳೆ ಬರಬಹುದು. ಬರುವ ಮೊದಲು ಇದರಿಂದ ಆಗುವ ಗಾಯವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಕೇಳಲೇಬೇಕು. ನನ್ನ ತಕರಾರು ಅಲ್ಲೇ ಇದೆ. ಎಲ್ಲರೂ ಕರೆಂಟನ್ನು ಅಳೆಯುತ್ತಾರೆ. ನನ್ನ ಗೆಳೆಯರ ಮಾತಿನ ನಡುವೆ ಸುಮ್ಮನೆ ಬಂದುಹೋಗುವ ಎರಡು ಪದಗಳನ್ನು, ಅಂದರೆ "ಮನುಷ್ಯ ನೆಲಕ್ಕೆ" ಎಂಬುದನ್ನು, ಯಾರೂ ಅಳೆಯುವುದಿಲ್ಲ.

ಮೊದಲು ಯಂತ್ರವನ್ನು ನೋಡೋಣ. ಟೇಸರ್ ಎಂಬುದು ಒಂದು ಕಂಪನಿಯ ಮಾಲಿನ ಹೆಸರು. ಡಾಲ್ಡಾ, ಝೆರಾಕ್ಸ್‌ಗಳ ಹಾಗೆ ಇಡೀ ಜಾತಿಗೇ ಅಂಟಿಕೊಂಡಿದೆ. 1970ರ ದಶಕದಲ್ಲಿ ಇದನ್ನು ಮಾಡಿದ ಅಮೆರಿಕದ ಜಾಕ್ ಕವರ್, ಟಾಮ್ ಸ್ವಿಫ್ಟ್ ಎಂಬ ಮಕ್ಕಳ ಕಥೆಗಳ ನಾಯಕನ ವಿದ್ಯುತ್ ಬಂದೂಕಿನ ನೆನಪಿಗೆ ಆ ಹೆಸರಿಟ್ಟ. ನೋಡಲು ಪಿಸ್ತೂಲು. ಕುದುರೆ ಒತ್ತಿದರೆ ಒತ್ತಡದ ಅನಿಲ ಎರಡು ಸಣ್ಣ ಬಾಣಗಳನ್ನು ತಳ್ಳುತ್ತದೆ. ಬಾಣದ ತುದಿಯಲ್ಲಿ ಮೀನಿನ ಗಾಳದಂಥ ಮುಳ್ಳು, ಹಿಂದೆ ಕೂದಲೆಳೆಯ ತಂತಿ. ಒಂದು ಬಾಣ ನೇರ ಹೋಗುತ್ತದೆ, ಇನ್ನೊಂದು ಸ್ವಲ್ಪ ಕೆಳಗೆ ಓರೆಯಾಗಿ. ಎರಡು ಮೀಟರ್ ದೂರ ಹೋಗುವಷ್ಟರಲ್ಲಿ ಅವುಗಳ ನಡುವೆ ಸುಮಾರು ಒಂದಡಿ ಅಂತರ ಆಗಿರುತ್ತದೆ. ಈ ಅಂತರವೇ ಮುಖ್ಯ. ಎರಡೂ ಬಾಣ ದೂರ ದೂರ ಚುಚ್ಚಿಕೊಂಡರೆ ನಡುವಿನ ಸ್ನಾಯುಗಳೆಲ್ಲ ಸೆಟೆದುಕೊಂಡು ಮೈ ಹಲಗೆಯಾಗುತ್ತದೆ. ಹತ್ತಿರ ಹತ್ತಿರ ಚುಚ್ಚಿದರೆ ಬರೀ ನೋವು. ಮನುಷ್ಯ ಬೀಳುವುದಿಲ್ಲ, ಇನ್ನಷ್ಟು ರೇಗುತ್ತಾನೆ.

"50 ಸಾವಿರ ವೋಲ್ಟ್" ಎಂದು ಪತ್ರಿಕೆಗಳು ಬರೆಯುತ್ತವೆ. ಅದಕ್ಕೆ ಹೆದರಬೇಕಿಲ್ಲ. ನಾಗಪುರದ ಒಣ ಚಳಿಯಲ್ಲಿ ಸ್ವೆಟರ್ ತೆಗೆಯುವಾಗ ಚಿಟಚಿಟ ಎನ್ನುವ ಕಿಡಿಯಲ್ಲೂ ಸಾವಿರಾರು ವೋಲ್ಟ್ ಇರುತ್ತದೆ. ಬಟ್ಟೆಗೂ ಚರ್ಮಕ್ಕೂ ನಡುವಿನ ಗಾಳಿಯನ್ನು ಕಿಡಿ ಹಾರಿ ದಾಟಲು ಅಷ್ಟು ವೋಲ್ಟ್ ಬೇಕು, ಅಷ್ಟೇ. ಲೆಕ್ಕಕ್ಕೆ ಬರುವುದು ಮೈಯೊಳಗೆ ಹರಿಯುವ ಕರೆಂಟು. 2003ರಲ್ಲಿ ಬಂದ, ಅತಿ ಹೆಚ್ಚು ಚರ್ಚೆಯಾದ ಎಕ್ಸ್26 ಮಾದರಿ ಸೆಕೆಂಡಿಗೆ ಸುಮಾರು 19 ಬಾರಿ ಮಿಡಿಯುತ್ತದೆ. ಒಂದೊಂದು ಮಿಡಿತವೂ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು. ಸರಾಸರಿ ತೆಗೆದರೆ 2 ಮಿಲಿಆಂಪಿಯರ್ ಆಸುಪಾಸು. ನಿಮ್ಮ ಮನೆಯ ಮೀಟರ್ ಬೋರ್ಡಿನಲ್ಲಿ ಶಾಕ್ ತಡೆಯಲು ಹಾಕಿಸಿದ ಸ್ವಿಚ್ಚು ಬೀಳುವುದು 30 ಮಿಲಿಆಂಪಿಯರ್‌ಗೆ. "ನೋಡಿ, ಹದಿನೈದರಲ್ಲಿ ಒಂದು ಪಾಲು" ಎಂದು ಮಾರುವವರು ಹೇಳುವುದು ಇದನ್ನೇ. ಆದರೆ ಆ ಚೂರು ಹೊತ್ತಿನಲ್ಲಿ ಏರುವ ಕರೆಂಟು ಕೆಲವು ಆಂಪಿಯರ್‌ಗಳಷ್ಟು. ಗೋಡೆಯ ಪ್ಲಗ್ಗಿನಿಂದ ಒಂದೇ ಸಮ ಬರುವ ಕರೆಂಟಿಗೆ ಇದನ್ನು ಸರಾಸರಿಯಲ್ಲಿ ಹೋಲಿಸುವುದೆಂದರೆ, ಜಿಟಿಜಿಟಿ ಮಳೆಯನ್ನೂ ಆಲಿಕಲ್ಲನ್ನೂ ಒಂದೇ ಮಾಪಕದಲ್ಲಿ ಹಿಡಿದು ಎರಡೂ ಎರಡು ಮಿಲಿಮೀಟರ್ ಎಂದ ಹಾಗೆ.

ಹಾಗಾದರೆ ಹೃದಯ ನಿಲ್ಲುತ್ತದೆಯೇ? ಅಪರೂಪಕ್ಕೆ, ಎದೆಗೆ ಬಾಣ ತಗುಲಿದಾಗ, ನಿಲ್ಲಬಹುದು. ಹೃದ್ರೋಗ ತಜ್ಞ ಡಗ್ಲಸ್ ಜೈಪ್ಸ್ 2012ರಲ್ಲಿ 'ಸರ್ಕ್ಯುಲೇಷನ್' ಪತ್ರಿಕೆಯಲ್ಲಿ ಇಂಥ 8 ಪ್ರಕರಣಗಳನ್ನು ಬಿಡಿಸಿಟ್ಟರು. ಅದಕ್ಕೂ ಮೊದಲೇ, 2009ರಲ್ಲಿ, ಕಂಪನಿಯೇ ತನ್ನ ತರಬೇತಿ ಸೂಚನೆಯಲ್ಲಿ ಸಾಧ್ಯವಾದಾಗಲೆಲ್ಲ ಎದೆಗೆ ಗುರಿ ಇಡಬೇಡಿ ಎಂದು ಹೇಳಿತ್ತು. ಜೈಪ್ಸ್ ಬರೆದದ್ದನ್ನು ಒಪ್ಪದವರು ಇದ್ದಾರೆ. ಅವರು ಕೋರ್ಟುಗಳಲ್ಲಿ ಕಂಪನಿಯ ವಿರುದ್ಧ ಸಾಕ್ಷಿ ಹೇಳಿದವರು ಎಂಬುದು ಆಕ್ಷೇಪ. ಆಕ್ಷೇಪಿಸಿದವರಲ್ಲಿ ಕಂಪನಿಯ ನಂಟಿದ್ದವರೂ ಇದ್ದರು ಎಂಬುದು ಪ್ರತಿ ಆಕ್ಷೇಪ. ಈ ಜಗಳವನ್ನೇ ಅಧ್ಯಯನ ಮಾಡಿದ ಲೇಖನವೊಂದು 2011ರಲ್ಲಿ 'ಅಮೆರಿಕನ್ ಹಾರ್ಟ್ ಜರ್ನಲ್'ನಲ್ಲಿ ಬಂತು: ಸಂಶೋಧನೆಗೆ ಹಣ ಎಲ್ಲಿಂದ ಬಂತು ಎಂಬುದಕ್ಕೂ "ಸುರಕ್ಷಿತ" ಎಂಬ ತೀರ್ಮಾನಕ್ಕೂ ಬಲವಾದ ನಂಟಿದೆ ಎಂದು. ಮದುವೆ ದಲ್ಲಾಳಿಯ ಬಳಿ ವರನ ಬಗ್ಗೆ ವಿಚಾರಿಸಿದ ಕಥೆ ನಮಗೂ ಗೊತ್ತಿರುವುದೇ.

ಕಂಪನಿಯ ಪರ ನಿಲ್ಲುವವರು ಹೆಚ್ಚಾಗಿ ಎತ್ತಿ ತೋರಿಸುವ ಅಧ್ಯಯನ ಬೋಝ್‌ಮನ್ ಮತ್ತು ಸಂಗಡಿಗರದ್ದು, 2009ರದ್ದು. ಅಮೆರಿಕದ ಪೊಲೀಸರು ನಿಜವಾಗಿ ಟೇಸರ್ ಹಾರಿಸಿದ 1,201 ಮಂದಿಯನ್ನು ಅವರು ನೋಡಿದರು. ಶೇ 99.75ರಷ್ಟು ಮಂದಿಗೆ ಗಾಯವೇ ಇಲ್ಲ, ಇಲ್ಲವೇ ಬಾಣ ಚುಚ್ಚಿದಂಥ ಸಣ್ಣ ಗಾಯ. ಇಬ್ಬರು ಸತ್ತಿದ್ದರು, ಆದರೆ ಟೇಸರ್ ಕಾರಣವಲ್ಲ ಎಂದು ಮರಣೋತ್ತರ ಪರೀಕ್ಷಕರು ಹೇಳಿದರು. ಗಂಭೀರ ಗಾಯ ಮೂವರಿಗೆ ಮಾತ್ರ. ಒಳ್ಳೆಯ ಅಧ್ಯಯನ, ನನಗೆ ಅದರ ಮೇಲೆ ಅನುಮಾನವಿಲ್ಲ. ಆದರೆ ಆ ಮೂವರನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅವರಲ್ಲಿ ಇಬ್ಬರಿಗೆ ಆದದ್ದು ತಲೆಬುರುಡೆಯೊಳಗಿನ ಗಾಯ. ಕರೆಂಟಿನಿಂದಲ್ಲ. ಬಿದ್ದದ್ದರಿಂದ.

ನಾವು ಎಡವಿ ಬೀಳುವಾಗ ಗೊತ್ತಿಲ್ಲದೆಯೇ ಕೈ ಮುಂದೆ ಬರುತ್ತದೆ, ಮೊಣಕಾಲು ಮಡಚುತ್ತದೆ, ಕತ್ತು ಒಳಕ್ಕೆಳೆದುಕೊಳ್ಳುತ್ತದೆ. ಟೇಸರ್ ಮೊದಲು ಕಿತ್ತುಕೊಳ್ಳುವುದೇ ಈ ಮೂರನ್ನು. ಮೈ ಸೆಟೆದ ಮನುಷ್ಯ ಕಡಿದ ಮರ ಬಿದ್ದ ಹಾಗೆ ಬೀಳುತ್ತಾನೆ. ಇದಕ್ಕೆ ಪಿಯುಸಿಯ ಭೌತಶಾಸ್ತ್ರ ಸಾಕು. ಬುಡ ನೆಲದಲ್ಲಿ ನಿಂತು ಇಡೀ ಕೋಲು ವಾಲಿ ಬಿದ್ದರೆ ಅದರ ತುದಿ, ಅದೇ ಎತ್ತರದಿಂದ ಸುಮ್ಮನೆ ಬಿಟ್ಟ ಕಲ್ಲಿಗಿಂತಲೂ ವೇಗವಾಗಿ ನೆಲ ಮುಟ್ಟುತ್ತದೆ. 1.6 ಮೀಟರ್ ಎತ್ತರದಿಂದ ಬಿಟ್ಟ ಕಲ್ಲು ಗಂಟೆಗೆ 20 ಕಿ.ಮೀ. ವೇಗದಲ್ಲಿ ನೆಲ ಮುಟ್ಟಿದರೆ, ಅಷ್ಟೇ ಉದ್ದದ ಕೋಲಿನ ತುದಿಯ ವೇಗ ಹತ್ತಿರ ಹತ್ತಿರ 25 ಕಿ.ಮೀ. ಮನುಷ್ಯನಲ್ಲಿ ಆ ತುದಿ ಎಂದರೆ ತಲೆ.

2023ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಕೂಮಾ ಎಂಬ ಊರಿನ ವೃದ್ಧಾಶ್ರಮದಲ್ಲಿ ಕ್ಲೇರ್ ನೌಲ್ಯಾಂಡ್ ಎಂಬ 95 ವರ್ಷದ ಅಜ್ಜಿ ಕೈಯಲ್ಲೊಂದು ಚಾಕು ಹಿಡಿದು ವಾಕರ್ ಊರಿಕೊಂಡು ನಿಧಾನ ಬರುತ್ತಿದ್ದರು. ಪೊಲೀಸ್ ಅಧಿಕಾರಿಯೊಬ್ಬ ಟೇಸರ್ ಹಾರಿಸಿದ. ಅಜ್ಜಿ ಹಿಂದಕ್ಕೆ ಬಿದ್ದರು, ತಲೆಗೆ ಪೆಟ್ಟಾಯಿತು, ಒಂದು ವಾರದಲ್ಲಿ ತೀರಿಕೊಂಡರು. 2024ರ ನವೆಂಬರ್‌ನಲ್ಲಿ ಜ್ಯೂರಿ ಆ ಅಧಿಕಾರಿಯನ್ನು ನರಹತ್ಯೆಯ ಅಪರಾಧಿ ಎಂದಿತು. ಅಜ್ಜಿಯ ಹೃದಯ ಎಷ್ಟು ಮಿಲಿಆಂಪಿಯರ್ ತಾಳುತ್ತಿತ್ತು ಎಂಬ ಪ್ರಶ್ನೆಗೆ ಅಲ್ಲಿ ಏನು ಬೆಲೆ?

ಆದ್ದರಿಂದ ಟೇಸರ್‌ನ ಅಪಾಯ ಅಳೆಯುವವರು ಪ್ರಯೋಗಾಲಯದಿಂದ ಹೊರಗೆ ಬಂದು ನಮ್ಮ ಬೀದಿಯಲ್ಲಿ ನಡೆಯಬೇಕು. ಅಲ್ಲಿನ ಪ್ರಯೋಗಗಳಲ್ಲಿ ಏಟು ತಿನ್ನುವವರು ಹೆಚ್ಚಾಗಿ ಆರೋಗ್ಯವಂತ ಸ್ವಯಂಸೇವಕರು, ಎಷ್ಟೋ ಸಲ ಪೊಲೀಸ್ ತರಬೇತಿಗೆ ಬಂದವರು. ಕೆಳಗೆ ಮೆತ್ತನೆಯ ಹಾಸು, ಹಿಡಿದುಕೊಳ್ಳಲು ಪಕ್ಕದಲ್ಲಿ ಇಬ್ಬರು. ಬಜಾಜ್ ನಗರಕ್ಕೆ ಬನ್ನಿ. ನಮ್ಮ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಎಂಜಿನಿಯರಿಂಗ್ ಸಂಸ್ಥೆ, ವಿಎನ್ಐಟಿ, ಪಕ್ಕದಲ್ಲೇ ಇದೆ. ಕೋನ, ವೇಗ, ಶಕ್ತಿ ಅಳೆದು ಕೊಡಬಲ್ಲವರಿಗೆ ಅಲ್ಲಿ ಬರವಿಲ್ಲ. ಆದರೆ ಅವರು ಗೇಟಿನ ಹೊರಗೆ ಬಂದರೆ ಕಾಣುವುದು ಏನು? ಡಾಂಬರು ತೆಗೆದು ಹಾಕಿದ ಸಿಮೆಂಟು ರಸ್ತೆ, ಪಕ್ಕದ ಮನೆಯಂಗಳಕ್ಕಿಂತ ಎತ್ತರ. ಅದರ ಅಂಚಿನಲ್ಲಿ ಗೇಣುದ್ದದ ಜಿಗಿತ. ನಡುವೆ ಡಿವೈಡರ್. ಪಕ್ಕದಲ್ಲಿ ಚರಂಡಿ, ಮೇಲಿನ ಚಪ್ಪಡಿ ಇದ್ದರೆ ಇದೆ. ತಳ್ಳುಗಾಡಿಯ ಕಬ್ಬಿಣದ ಮೂಲೆ, ಮೆಟ್ಟಿಲು, ನಿಲ್ಲಿಸಿದ ಬೈಕಿನ ಹ್ಯಾಂಡಲ್. ರಾತ್ರಿ ಒಂದು ಗಂಟೆಗೆ ಕುಡಿದು ಚಾಕು ಬೀಸುತ್ತಿರುವವನೊಬ್ಬ ಇಲ್ಲಿ 25 ಕಿ.ಮೀ. ವೇಗದಲ್ಲಿ ತಲೆ ತಗುಲಿಸಿಕೊಳ್ಳದೆ ಬೀಳಬಹುದಾದ ಜಾಗ ಎಷ್ಟು ಚದರಡಿ ಇದೆ ಎಂದು ನಾನು ಒಂದು ಸಂಜೆ ಲೆಕ್ಕ ಹಾಕಲು ನೋಡಿದೆ. ಸಣ್ಣ ಉದ್ಯಾನದ ಹುಲ್ಲು ಬಿಟ್ಟರೆ ಬೇರೆ ಸಿಗಲಿಲ್ಲ. ಇದು ನಾಗಪುರದ ಮಾತಷ್ಟೇ ಅಲ್ಲ. ಹುಬ್ಬಳ್ಳಿಯ ದುರ್ಗದ ಬೈಲು, ಬೆಂಗಳೂರಿನ ಕಲಾಸಿಪಾಳ್ಯ, ನೀವು ಇದನ್ನು ಓದುತ್ತಿರುವ ಬೀದಿ; ಹೊರಗೆ ಬಂದು ಒಮ್ಮೆ ನೋಡಿ.

ಮೈಯೂ ಬೇರೆ. ಮೇ ತಿಂಗಳಲ್ಲಿ ಇಲ್ಲಿ 45 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಓಡಿ, ಸೆಣಸಿ, ನೀರಿಲ್ಲದೆ ಒಣಗಿದ ದೇಹಕ್ಕೆ ಐದು ಸೆಕೆಂಡಿನ ಮೇಲೆ ಇನ್ನೈದು, ಅದರ ಮೇಲೆ ಮತ್ತೈದು ಕೊಟ್ಟರೆ ಏನಾಗುತ್ತದೆ ಎಂದು ಹಾಸಿನ ಮೇಲೆ ಬಿದ್ದ ತರುಣ ಕಾನ್‌ಸ್ಟೇಬಲ್ ಹೇಳಲಾರ. ಇಂಥ ಸಾವುಗಳಿಗೆ ಅಮೆರಿಕದಲ್ಲಿ "ಎಕ್ಸೈಟೆಡ್ ಡೆಲಿರಿಯಂ" ಎಂಬ ಕಾಯಿಲೆಯ ಹೆಸರಿಟ್ಟು ಬಹಳ ವರ್ಷ ದಾಟಿಸಿದರು. ಸತ್ತವನು ತನ್ನ ಉನ್ಮಾದದಿಂದಲೇ ಸತ್ತ ಎಂಬಂತೆ. ಅಲ್ಲಿನ ತುರ್ತು ಚಿಕಿತ್ಸಾ ವೈದ್ಯರ ಸಂಘ 2023ರಲ್ಲಿ ಆ ಹೆಸರನ್ನು ಬೆಂಬಲಿಸಿದ್ದ ತನ್ನ ಹಳೆಯ ವರದಿಯನ್ನು ಹಿಂದಕ್ಕೆ ಪಡೆಯಿತು. ನಮ್ಮಲ್ಲಿ ಆ ಹೆಸರು ಬೇಕಾಗುವುದಿಲ್ಲ, "ಹೃದಯಾಘಾತ" ಇದೆ.

ಬೆಂಕಿಯ ಮಾತೊಂದು ಉಳಿಯಿತು. ಟೇಸರ್‌ನ ಕಿಡಿ ಪೆಟ್ರೋಲಿನ ಆವಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ, ತಯಾರಕರೇ ಎಚ್ಚರಿಸುತ್ತಾರೆ. 2021ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಪೊಲೀಸ್ ಠಾಣೆಯಲ್ಲಿ ಮೈಮೇಲೆ ಸ್ಯಾನಿಟೈಸರ್ ಸುರಿದುಕೊಂಡವನ ಮೇಲೆ ಟೇಸರ್ ಹಾರಿಸಿದಾಗ ಅವನು ಹೊತ್ತಿಕೊಂಡ. ಕೆಲವು ವಾರಗಳ ಬಳಿಕ ಸತ್ತ. ಅಲ್ಲಿ ಅದು ವಿಚಿತ್ರ ಘಟನೆ. ನಮ್ಮಲ್ಲಿ? ಜಿಲ್ಲಾಧಿಕಾರಿ ಕಚೇರಿಯ ಮುಂದೆ ಪೆಟ್ರೋಲ್ ಸುರಿದುಕೊಂಡು ನಿಲ್ಲುವ ರೈತ, ತೆರವು ಕಾರ್ಯಾಚರಣೆಯ ದಿನ ಸೀಮೆಎಣ್ಣೆ ಡಬ್ಬಿ ಹಿಡಿದ ಹೆಂಗಸು, ಇವರು ನಮ್ಮ ಪೊಲೀಸರಿಗೆ ಮತ್ತೆ ಮತ್ತೆ ಎದುರಾಗುವವರು. "ಬಂದೂಕು ಬೇಡ, ಟೇಸರ್ ಸಾಕು" ಎಂದು ಯಾರಿಗಾದರೂ ಅನ್ನಿಸಬಹುದಾದ ಜಾಗವೂ ಅದೇ.

ತಂತಿಯಿಲ್ಲದ ಟೇಸರ್ ಕೂಡ ಒಮ್ಮೆ ಬಂದಿತ್ತು. ಎಕ್ಸ್‌ರೆಪ್ ಎಂದು ಹೆಸರು. ಶಾಟ್‌ಗನ್ನಿನಿಂದ ಹಾರಿಸುವ ತೋಟಾ. ಬ್ಯಾಟರಿಯೂ ಸರ್ಕ್ಯೂಟೂ ತೋಟಾದೊಳಗೇ. ಮಾಮೂಲಿ ಟೇಸರ್ ಏಳೆಂಟು ಮೀಟರ್‌ಗೆ ಸುಸ್ತಾದರೆ ಇದು ಇನ್ನೂ ಬಹಳ ದೂರಕ್ಕೆ. ಕರೆಂಟೂ ಐದಲ್ಲ, 20 ಸೆಕೆಂಡು. ಇಲ್ಲಿ ಎರಡು ಗಾಯಗಳನ್ನು ಕೂಡಬೇಕು: ಕರೆಂಟಿನದು ಒಂದು, ಕಲ್ಲೇಟಿನದು ಇನ್ನೊಂದು. ಗಂಟೆಗೆ 100 ಕಿ.ಮೀ. ವೇಗದ ಕ್ರಿಕೆಟ್ ಚೆಂಡಿನಲ್ಲಿ 60 ಜೂಲ್‌ಗಿಂತ ಸ್ವಲ್ಪ ಹೆಚ್ಚು ಶಕ್ತಿ ಇರುತ್ತದೆ. 20 ಗ್ರಾಂ ತೂಕದ ಯಾವುದೇ ವಸ್ತುವಿಗೆ ಅಷ್ಟೇ ಶಕ್ತಿ ಬರಲು ಗಂಟೆಗೆ 280 ಕಿ.ಮೀ. ವೇಗ ಬೇಕು, ಮತ್ತು ಅದು ಬೀಳುವುದು ಅಂಗೈಯಗಲ ಜಾಗದ ಮೇಲಲ್ಲ, ನಾಣ್ಯದಷ್ಟು ಜಾಗದ ಮೇಲೆ. ಎದೆಗೂಡಿಗೆ ಒಂದು ಬಗೆ, ಕಣ್ಣಿಗೆ ಇನ್ನೊಂದು. 2010ರ ಜುಲೈಯಲ್ಲಿ ಇಂಗ್ಲೆಂಡಿನ ರಾತ್‌ಬರಿಯಲ್ಲಿ ರಾವುಲ್ ಮೋಟ್ ಎಂಬ ಸಶಸ್ತ್ರ ಆರೋಪಿಯನ್ನು ಸುತ್ತುವರಿದ ಪೊಲೀಸರು ಇದನ್ನು ಹಾರಿಸಿದರು. ಬ್ರಿಟನ್ನಿನ ಗೃಹ ಇಲಾಖೆ ಅದನ್ನು ಇನ್ನೂ ಪರೀಕ್ಷಿಸುತ್ತಿತ್ತು, ಒಪ್ಪಿಗೆ ಕೊಟ್ಟಿರಲಿಲ್ಲ. ಮೋಟ್ ತನಗೆ ತಾನೇ ಗುಂಡು ಹೊಡೆದುಕೊಂಡ. ತೋಟಾ ಪೂರೈಸಿದ ಕಂಪನಿಯ ಪರವಾನಗಿ ರದ್ದಾಯಿತು. ಪರೀಕ್ಷೆ ಮುಗಿಯುವ ಮೊದಲೇ ಆಯುಧ ಬೀದಿಗೆ ಬರುವುದು ಬಡ ದೇಶಗಳ ಕಾಯಿಲೆಯಷ್ಟೇ ಅಲ್ಲ.

ಇಷ್ಟಾದರೂ ಟೇಸರ್ ಬೇಡವೇ ಬೇಡ ಎನ್ನುವವನಲ್ಲ ನಾನು. ಏಕೆಂದರೆ ಗಾಯದ ಅಪಾಯ ಎಂಬುದು ಹೋಲಿಕೆಯ ಮಾತು. ಯಾವುದರ ಬದಲಿಗೆ? ಅಮೆರಿಕದ ಪೊಲೀಸಿನವನ ಸೊಂಟದಲ್ಲಿ ಪಿಸ್ತೂಲು ಇದ್ದೇ ಇರುತ್ತದೆ. ಅಲ್ಲಿ ಟೇಸರ್ ಬಂದರೆ ಕೆಲವು ಸಲವಾದರೂ ಗುಂಡಿನ ಜಾಗಕ್ಕೆ ಬಂದೀತು. ನಮ್ಮ ಬೀಟ್ ಕಾನ್‌ಸ್ಟೇಬಲ್ ಕೈಯಲ್ಲಿ ಇರುವುದು ಲಾಠಿ, ಬಾಯಲ್ಲಿ ಇರುವುದು ಬೈಗುಳ, ಒಳ್ಳೆಯವನಾದರೆ ತಾಳ್ಮೆ. ಅವನಿಗೆ ಕೊಟ್ಟ ಟೇಸರ್ ಗುಂಡಿನ ಜಾಗಕ್ಕೆ ಬರುವುದಿಲ್ಲ, ತಾಳ್ಮೆಯ ಜಾಗಕ್ಕೆ ಬರುತ್ತದೆ. ಅಮೆರಿಕದ ಅಂಕಿಗಳನ್ನು ಇಲ್ಲಿಗೆ ಹೊತ್ತು ತಂದು "ಸಾವು ಕಡಿಮೆಯಾಗುತ್ತದೆ" ಎನ್ನುವವರು ಈ ಒಂದು ಮಾತನ್ನು ಮರೆಯುತ್ತಾರೆ.

ಕರ್ನಾಟಕದಲ್ಲಿ ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಕಾಲಿಗೆ ಗುಂಡು ಹಾರಿಸಿದ ಪ್ರಕರಣ ವರ್ಷಕ್ಕೆ ಎಷ್ಟು ಎಂದು ಈಗಲೇ, ಠಾಣಾವಾರು, ಬರೆದಿಡಿ. ಗುಂಡು ಇರುವ ಕೈಗೆ ಮಾತ್ರ ಟೇಸರ್ ಕೊಡಿ. ಎರಡು ವರ್ಷದ ಬಳಿಕ ಕಾಲಿನ ಲೆಕ್ಕ ಇಳಿದಿದ್ದರೆ ನನ್ನ ಗೆಳೆಯರು ಗೆದ್ದರು, ನಾನು ಚಹಾ ಕುಡಿಸುತ್ತೇನೆ. ಅದು ಇದ್ದಷ್ಟೇ ಇದ್ದು ಟೇಸರ್‌ನ ಲೆಕ್ಕ ಬೇರೆಯಾಗಿ ಬೆಳೆದಿದ್ದರೆ, ಹಳೆಯ ಗಾಯದ ಬದಲಿಗೆ ಬಂದದ್ದಲ್ಲ, ಹಳೆಯದರ ಜೊತೆಗೆ ಬಂದದ್ದು ಎಂದು ಗೊತ್ತಾಗುತ್ತದೆ.

ಗುಂಪಿನ ವಿಷಯಕ್ಕೆ ಟೇಸರ್ ತರಲೇಬೇಡಿ. ಹಾವೇರಿಯಲ್ಲಿ 2008ರಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ, ಮಂಗಳೂರಿನಲ್ಲಿ 2019ರ ಡಿಸೆಂಬರ್‌ನಲ್ಲಿ, ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ 2020ರ ಆಗಸ್ಟ್‌ನಲ್ಲಿ ಗೋಲಿಬಾರ್ ಆದಾಗಲೆಲ್ಲ "ಬೇರೆ ಆಯುಧ ಇರಲಿಲ್ಲವೇ" ಎಂದು ಕೇಳಿದ್ದೇವೆ. ಟೇಸರ್ ಆ ಬೇರೆ ಆಯುಧವಲ್ಲ. ಅದು ಒಬ್ಬನನ್ನು ಬೀಳಿಸುತ್ತದೆ, ಗುಂಪನ್ನು ಓಡಿಸುವುದಿಲ್ಲ. ಓಡುವ ಗುಂಪಿನ ನಡುವೆ ಬಿದ್ದವನು ಕಾಲಡಿ ಸಿಗುತ್ತಾನೆ. ನಾಗಪುರಕ್ಕೆ ಇದು ಗೊತ್ತು. ನನ್ನ ಮನೆಯಿಂದ ಮೂರ್ನಾಲ್ಕು ಕಿ.ಮೀ. ದೂರದಲ್ಲಿ, ಝೀರೋ ಮೈಲಿನ ಹತ್ತಿರ, ಗೋವಾರಿ ಹುತಾತ್ಮರ ಸ್ಮಾರಕ ಇದೆ. 1994ರ ನವೆಂಬರ್ 23ರಂದು ಚಳಿಗಾಲದ ಅಧಿವೇಶನ ನಡೆಯುತ್ತಿದ್ದಾಗ ಪರಿಶಿಷ್ಟ ಪಂಗಡದ ಮಾನ್ಯತೆ ಕೇಳಲು ಬಂದ ದನಗಾಹಿ ಗೋವಾರಿಗಳ ಮೇಲೆ ಲಾಠಿ ಬೀಸಿದರು. ನೂಕುನುಗ್ಗಲಿನಲ್ಲಿ ಸತ್ತವರು 114 ಮಂದಿ. ಹೆಚ್ಚಿನವರು ಹೆಂಗಸರು, ಮಕ್ಕಳು. ಅವರನ್ನು ಕೊಂದದ್ದು ಗುಂಡಲ್ಲ. ಲಾಠಿಯ ಗಾಯವನ್ನು ಮೈಮೇಲಿನ ಬಾಸುಂಡೆಯಲ್ಲಿ ಅಳೆದರೆ ಆ ದಿನದ ಗಾಯ ಬಹಳ ಸಣ್ಣದು. ಕಾಶ್ಮೀರಕ್ಕೆ 2010ರಲ್ಲಿ ಪೆಲೆಟ್ ಬಂದೂಕು ಬಂದದ್ದೂ ಜೀವ ಉಳಿಸುವ ಆಯುಧವೆಂದೇ. 2016ರ ಬೇಸಿಗೆ ಕಳೆಯುವಷ್ಟರಲ್ಲಿ ಶ್ರೀನಗರದ ಆಸ್ಪತ್ರೆಯ ಕಣ್ಣಿನ ವಾರ್ಡು ತುಂಬಿತ್ತು. "ಮಾರಕವಲ್ಲದ" ಎಂಬ ಹಣೆಪಟ್ಟಿ ಹಾರಿಸುವವನ ಬೆರಳನ್ನು ಹಗುರ ಮಾಡುತ್ತದೆ.

ಯಾರ ಮೇಲೆ ಹಾರಬಹುದು ಎಂಬುದನ್ನೂ ಊಹಿಸಬಹುದು: ಹೇಳಿದ್ದು ಅರ್ಥವಾಗದವರ ಮೇಲೆ. ರಾಬರ್ಟ್ ಝಿಕಾನ್‌ಸ್ಕಿ 2007ರ ಅಕ್ಟೋಬರ್‌ನಲ್ಲಿ ಪೋಲೆಂಡಿನಿಂದ ಕೆನಡಾದ ವ್ಯಾಂಕೂವರ್‌ಗೆ ತಾಯಿಯ ಹತ್ತಿರ ಬಂದಿಳಿದ. ಇಂಗ್ಲಿಷ್ ಬಾರದೆ ವಿಮಾನ ನಿಲ್ದಾಣದಲ್ಲೇ ಹತ್ತು ಗಂಟೆ ಸಿಕ್ಕಿಕೊಂಡು, ಕಂಗೆಟ್ಟು ಕುರ್ಚಿ ಎತ್ತಿ ಹಾಕಿದ. ಪೊಲೀಸರು ಬಂದು ಅರ್ಧ ನಿಮಿಷವಾಗುವಷ್ಟರಲ್ಲಿ ಟೇಸರ್ ಹಾರಿತು, ಒಟ್ಟು ಐದು ಸಲ. ಅವನು ಅಲ್ಲೇ ಸತ್ತ. ಪ್ರಯಾಣಿಕನೊಬ್ಬ ತೆಗೆದ ವಿಡಿಯೊ ಇಲ್ಲದಿದ್ದರೆ ಪೊಲೀಸರು ಹೇಳಿದ್ದೇ ಸತ್ಯವಾಗುತ್ತಿತ್ತು. ಬಳಿಕ ಬ್ರೇಡ್‌ವುಡ್ ವಿಚಾರಣೆ ನಡೆದು, ಅಷ್ಟು ಬಲ ಪ್ರಯೋಗಕ್ಕೆ ಸಮರ್ಥನೆ ಇರಲಿಲ್ಲ ಎಂದಿತು. ನಾಗಪುರ ರೈಲು ನಿಲ್ದಾಣದಲ್ಲಿ ಮರಾಠಿಯೂ ಹಿಂದಿಯೂ ಬಾರದ ಕಲಬುರಗಿಯ ಕೂಲಿಯವನು ದಿಕ್ಕು ತಪ್ಪಿ ಕಿರುಚಾಡಿದರೆ? ಮನಸ್ಸು ಕದಡಿ ಬೀದಿಗೆ ಬಂದವರನ್ನು ರಕ್ಷಿಸಿ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಂ ಪೊಲೀಸರಿಗೆ ಹೇಳುತ್ತದೆ. ಆ ಕಲಂ ಓದಿಸದೆ ಟೇಸರ್ ಓದಿಸುವ ತರಬೇತಿ ನಮಗೆ ಬೇಡ.

ಕೊನೆಯದು ಠಾಣೆಯ ಒಳಗಿನ ಮಾತು. ಬಾಣ ಹಾರಿಸದೆ ಟೇಸರ್‌ನ ಮೂತಿಯನ್ನೇ ಮೈಗೆ ಒತ್ತಿ ಕರೆಂಟು ಬಿಡಬಹುದು. ಆಗ ಮನುಷ್ಯ ಬೀಳುವುದಿಲ್ಲ, ನೋಯುತ್ತಾನೆ ಅಷ್ಟೇ. ಸಣ್ಣ ಗುರುತು, ಕೆಲವು ದಿನದಲ್ಲಿ ಮಾಸುತ್ತದೆ. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಸಮಿತಿ 2007ರಲ್ಲಿ ಎಕ್ಸ್26 ಬಳಕೆ ಚಿತ್ರಹಿಂಸೆಯಾಗಬಹುದು ಎಂದದ್ದನ್ನು ನಮ್ಮ ಲಾಕಪ್ಪುಗಳ ಗೋಡೆ ನೆನೆದು ಓದಬೇಕು. ಎಲ್ಲ ಠಾಣೆಗಳಲ್ಲೂ ಸಿಸಿಟಿವಿ ಇರಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತು. ಕ್ಯಾಮೆರಾ ಕೆಟ್ಟಿತ್ತು ಎಂಬ ಉತ್ತರ ಕೇಳಿ ಅಭ್ಯಾಸವಾಗಿದೆ. ಈ ಯಂತ್ರದಲ್ಲಿ ಮಾತ್ರ ಒಂದು ಒಳ್ಳೆಯ ಗುಣ ಇದೆ, ಲಾಠಿಗೆ ಇಲ್ಲದ್ದು: ಕುದುರೆ ಯಾವ ದಿನ, ಎಷ್ಟು ಗಂಟೆಗೆ ಒತ್ತಿದರು, ಎಷ್ಟು ಸೆಕೆಂಡು ಹರಿಯಿತು ಎಂಬುದನ್ನು ಅದು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಆ ಬರಹ ಈಗ ಹೋಗುವುದು ಪೊಲೀಸ್ ಇಲಾಖೆಯ ಕಂಪ್ಯೂಟರಿಗೆ. ಅದನ್ನು 24 ಗಂಟೆಯೊಳಗೆ ಮುದ್ರಿಸಿ ಒಂದು ಪ್ರತಿ ಮ್ಯಾಜಿಸ್ಟ್ರೇಟರಿಗೆ, ಒಂದು ಗಾಯ ನೋಡುವ ವೈದ್ಯರಿಗೆ, ಒಂದು ಏಟು ತಿಂದವನ ಮನೆಯವರಿಗೆ ಕೊಡಬೇಕು. ಜೊತೆಗೆ ಅವನು ಬಿದ್ದ ಜಾಗದ ಫೋಟೊ, ನೆಲ ಕಾಣುವ ಹಾಗೆ.